ಅಳಿಲು ಬರೆದ ಕುಂಬಳಕಾಯಿ

ಬಾಲವನ್ನೇ ಕುಂಚ ಮಾಡಿಕೊಂಡ ಅಳಿಲೊಂದು ಬಂಡೆಯ ಮೇಲೆ ಏಳು ಬಣ್ಣ ಬಳಿದು ಆನೆಯ ಚಿತ್ರ ಬರೆಯಿತು. ಆನೆ ಬಂದು ನೋಡಿ, "ಕುಂಬಳಕಾಯಿ ಪರವಾಗಿಲ್ಲ," ಎಂದಿತು.

"ಅದು ತಾವು, ಗಜರಾಜರೇ," ಎಂದು ಅಳಿಲು ಮುಖ ಚಿಕ್ಕದು ಮಾಡಿಕೊಂಡಿತು.

"ಹಾಗಾದರೆ ಮೊದಲು ಕುಂಬಳಕಾಯಿಯನ್ನೇ ಸರಿಯಾಗಿ ಬರೆಯಲು ಕಲಿ. ನಾನೆಲ್ಲಿಗೂ ಹೋಗುವುದಿಲ್ಲ."

ಅಳಿಲಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಬಣ್ಣ ಬದಿಗಿಟ್ಟು, ಇದ್ದಿಲು ಹಿಡಿದು, ದಿನವೂ ಅದೇ ಬಂಡೆಯ ಮೇಲೆ ಗೆರೆ, ಸುತ್ತು, ನೆರಳು ತಿದ್ದಿತು. ಸಂಜೆಗೆ ಬಾಲದಿಂದ ಒರೆಸಿತು. ಬೇಸಿಗೆ ಕಳೆಯುವಷ್ಟರಲ್ಲಿ ಬಾಲ ಕಪ್ಪಾಗಿತ್ತು.

ಒಂದು ಬೆಳಿಗ್ಗೆ ಆ ದಾರಿಯಾಗಿ ಬಂದ ಆನೆ ಬಂಡೆಯ ಮೇಲಿನ ಕುಂಬಳಕಾಯಿ ಎತ್ತಿಕೊಳ್ಳಲು ಸೊಂಡಿಲು ಚಾಚಿತು. ಸೊಂಡಿಲಿಗೆ ಹತ್ತಿದ್ದು ಬರೀ ಇದ್ದಿಲ ಪುಡಿ.

ಕೊಂಬೆಯ ಮೇಲಿಂದ ಅಳಿಲು ಹೇಳಿತು: "ಊಟ ಮುಗಿಸಿ ಬನ್ನಿ, ಗಜರಾಜರೇ. ತಮ್ಮ ಚಿತ್ರ ಬರೆಯಬೇಕು, ಬಹಳ ಹೊತ್ತು ನಿಲ್ಲಬೇಕಾಗುತ್ತದೆ."