ಹುಣಸೆಹಣ್ಣಿನ ಮೊರೆಹೊಕ್ಕ ಚೀನೀ ನಾಣ್ಯ

ನಡುವೆ ಚೌಕದ ತೂತಿದ್ದ ಹಳೆಯ ಚೀನೀ ಕಂಚಿನ ನಾಣ್ಯವೊಂದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಇನ್ನೇನು ಭೂತಗನ್ನಡಿ ಬಂದು ಅದರ ಕಾಲ ಹೇಳಲಿತ್ತು; ಮೈಮೇಲಿನ ಅಕ್ಷರಗಳೋ ಎಂದೋ ಸವೆದುಹೋಗಿದ್ದವು. ನಕಲಿ ಎಂದುಬಿಟ್ಟರೆ ಕಂಚುಗಾರನ ಮೂಸೆಯಲ್ಲಿ ಕರಗುವುದೇ ಗತಿ.

ಅದು ಬಚ್ಚಲ ಪಕ್ಕದಲ್ಲಿದ್ದ ಹುಣಸೆಹಣ್ಣನ್ನು ಕರೆಯಿತು. "ಅಣ್ಣಾ, ಈ ಕಿಲುಬು ತೆಗೆದುಬಿಡು. ಕೊಳಕು ಮೈಯಲ್ಲಿ ಭೂತಗನ್ನಡಿಯೆದುರು ನಿಲ್ಲಲಾರೆ."

"ಹಿತ್ತಾಳೆ ಚೊಂಬು ಬೆಳಗುವುದು ನನ್ನ ಕಸುಬು," ಎಂದಿತು ಹುಣಸೆಹಣ್ಣು. "ನಿನ್ನ ಮೈಮೇಲಿರುವುದು ಕೊಳೆಯೋ ಮತ್ತೇನೋ ನನಗೆ ತಿಳಿಯದು. ಯೋಚಿಸಿ ಹೇಳು."

"ಯೋಚಿಸಿ ಯೋಚಿಸಿಯೇ ಅರ್ಧ ಸವೆದಿದ್ದೇನೆ. ಉಜ್ಜು."

ಹುಣಸೆಹಣ್ಣು ಉಜ್ಜಿತು. ನಾಣ್ಯ ಫಳಫಳ ಹೊಳೆಯಿತು.

ಭೂತಗನ್ನಡಿ ಬಂದು ಹಿಂದೆ ಮುಂದೆ ನೋಡಿ, "ನಿನಗೆಷ್ಟು ವಯಸ್ಸು?" ಎಂದು ಕೇಳಿತು.

"ಸಾವಿರ ವರ್ಷ ದಾಟಿದೆ ಸ್ವಾಮಿ. ಅಕ್ಷರ ಮಾತ್ರ ಉಳಿದಿಲ್ಲ."

"ಅಕ್ಷರ ಸವೆದವರನ್ನು ದಿನವೂ ನೋಡುತ್ತೇನೆ, ಅದಕ್ಕೆ ಹೆದರಬೇಕಿಲ್ಲ. ಅಷ್ಟು ಕಾಲ ಮಣ್ಣಿನೊಳಗೆ ಕೂತವರ ಮೈಮೇಲೆ ಹಸಿರು ಕಿಲುಬು ಪದರಪದರವಾಗಿ ಕಟ್ಟಿರುತ್ತದೆ. ನಾನು ಓದುವುದು ಅದನ್ನೇ. ನಿನ್ನದೆಲ್ಲಿ?"

ನಾಣ್ಯ ಬಚ್ಚಲ ಕಡೆ ನೋಡಿತು. ಕೊನೆಯ ಹಸಿರು ಹನಿ ಆಗತಾನೆ ಮೋರಿಗಿಳಿಯುತ್ತಿತ್ತು.