ಕಂಚುಗಾರನ ಆಕಾಶ

“ಗುರುಗಳೇ, ತಪ್ಪೆಂದು ತಿಳಿದ ಮೇಲೂ ಮನಸ್ಸು ಹಳೆಯದನ್ನು ಏಕೆ ಬಿಡುವುದಿಲ್ಲ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಆಗಿನ್ನೂ ನಮ್ಮ ಕಡೆ ತಾರಾಲಯಗಳು ಬಂದಿರಲಿಲ್ಲ. ನಕ್ಷತ್ರ ನೋಡಬೇಕೆಂದರೆ ಅಂಗಳಕ್ಕೆ ಬಂದು ತಲೆಯೆತ್ತಿದರೆ ಸಾಕಿತ್ತು. ಒಳ್ಳೆಯ ಕಾಲ ಅದು. ಆದರೆ ಕಂಚುಗಾರನ ಹೆಂಡತಿಗೆ ಹುಟ್ಟಿನಿಂದ ಇರುಳುಗುರುಡು. ಮದುವೆಯ ದಿನ ಅವನು ಬೆರಳೆತ್ತಿ ‘ಅರುಂಧತಿ ಕಂಡಳೇ?’ ಎಂದಾಗ ‘ಕಂಡಳು’ ಎಂದುಬಿಟ್ಟಿದ್ದಳು. ಎಲ್ಲ ಮದುಮಗಳಂದಿರೂ ಹಾಗೇ ಅನ್ನುತ್ತಾರೆ. ಕೂದಲು ನರೆತ ಮೇಲೆ ಒಂದು ದಿನ ನಿಜ ಹೇಳಿದಳು: ‘ಅವತ್ತು ನನಗೇನೂ ಕಂಡಿರಲಿಲ್ಲ.’

ಕಂಚುಗಾರ ಮರುದಿನವೇ ಕೆಲಸಕ್ಕೆ ಕುಳಿತ. ಎರಡು ತಾಮ್ರದ ಬೋಗುಣಿಗಳನ್ನು ಬಾಯಿಗೆ ಬಾಯಿ ಬೆಸೆದು ಗೋಳ ಮಾಡಿದ. ಅದರ ಮೇಲೆ ನಕ್ಷತ್ರಗಳ ನಕ್ಷೆ ಹಾಸಿ, ಒಂದೊಂದು ಚುಕ್ಕೆಗೂ ತೂತು ಕೊರೆದ. ಒಳಗೊಂದು ಪುಟ್ಟ ಬಲ್ಬು ಕೂರಿಸಿದ. ಸೂರಿಗೆ ಬಿಳಿ ಪಂಚೆ ಬಿಗಿದು, ಬಾಗಿಲು ಮುಚ್ಚಿ, ಹೆಂಡತಿಯನ್ನು ಚಾಪೆಯ ಮೇಲೆ ಮಲಗಿಸಿ ದೀಪ ಹಾಕಿದ. ಪಂಚೆಯ ಮೇಲೆ ಚುಕ್ಕೆಗಳು ಢಾಳಾಗಿ ಮೂಡಿದವು. ಸಪ್ತರ್ಷಿಗಳನ್ನು ತೋರಿಸಿದ, ಅವರಲ್ಲಿ ವಸಿಷ್ಠನನ್ನು ತೋರಿಸಿದ. ‘ಅವನ ಪಕ್ಕ?’ ಎಂದು ಕೇಳಿದ. ‘ಕಂಡಳು’ ಎಂದಳು. ಈ ಸಲ ಅವಳ ಕಣ್ಣು ತುಂಬಿತ್ತು.

ಖುಷಿಯಲ್ಲಿ ಅಂಗಳಕ್ಕೆ ಬಂದು ಮೇಲೆ ನೋಡಿದ. ಸಪ್ತರ್ಷಿಗಳ ಬಾಲ ಆಕಾಶದಲ್ಲಿ ಒಂದು ಕಡೆಗೆ ಬಾಗಿದ್ದರೆ, ಪಂಚೆಯ ಮೇಲೆ ಇನ್ನೊಂದು ಕಡೆಗೆ ಬಾಗಿತ್ತು. ಪಾತ್ರೆಯ ಕೆಲಸವೆಲ್ಲ ಹೊರಮೈಯಲ್ಲಿ ಮಾಡಿ ಅವನಿಗೆ ರೂಢಿ. ಆಕಾಶವನ್ನೋ, ನಾವು ಒಳಗಿನಿಂದ ನೋಡುವವರು. ಹೊರಗಿನಿಂದ ನೋಡಿ ಅವನು ಕೊರೆದ ಆಕಾಶ ಕನ್ನಡಿಯಲ್ಲಿ ಕಂಡಂತೆ ತಿರುಗಿಹೋಗಿತ್ತು.

ಒಳಗೆ ಬಂದು ಹೆಂಡತಿಗೆ ತಪ್ಪನ್ನು ತಿಳಿಸಿ, ‘ಇದನ್ನು ಕರಗಿಸಿ ಹೊಸದು ಮಾಡುತ್ತೇನೆ’ ಎಂದ.

‘ಹೊಸದು ಮಾಡಿ, ಬೇಡ ಅನ್ನುವುದಿಲ್ಲ. ಇದನ್ನು ಮಾತ್ರ ಕರಗಿಸಬೇಡಿ’ ಎಂದಳು.

ಅವನು ಹಾಗೆಯೇ ಮಾಡಿದ. ಅವನ ಸರಿಯಾದ ಗೋಳಗಳು ಸುತ್ತಲಿನ ಶಾಲೆಗಳಿಗೆಲ್ಲ ಹೋದವು. ಮಕ್ಕಳು ಪಂಚೆಯಡಿ ಮಲಗಿ ನಕ್ಷತ್ರ ಕಲಿತರು. ಆಮೇಲೆ ಪೇಟೆಯಲ್ಲಿ ದೊಡ್ಡ ತಾರಾಲಯ ಬಂತು, ಆ ಗೋಳಗಳು ಅಟ್ಟ ಸೇರಿದವು. ಕಂಚುಗಾರನ ಮನೆಯಲ್ಲಿ ಮಾತ್ರ, ಮದುವೆಯಾದ ದಿನ ಬಂತೆಂದರೆ, ಆ ಮೊದಲ ಗೋಳಕ್ಕೇ ದೀಪ.

ಕತೆ ಮುಗಿದರೂ ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಎಷ್ಟಾದರೂ ಅದು ತಪ್ಪು ಆಕಾಶವಲ್ಲವೇ?” ಎಂದ.

“ತಪ್ಪೇ. ಆದರೆ ಆ ಆಕಾಶದಲ್ಲೂ ಅರುಂಧತಿ ವಸಿಷ್ಠನ ಪಕ್ಕದಲ್ಲೇ ಇದ್ದಳು” ಎಂದರು ಗುರುಗಳು.