ಮಡಕೆತೋಡು

ಅಮ್ಮನಕುದ್ರುವಿಗೆ ದೋಣಿವಿಹಾರಕ್ಕೆ ಬರುವವರು ಈಗ ಸೇತುವೆಯ ಕೆಳಗಿನ ಧಕ್ಕೆಯಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಬಿಗಿದುಕೊಂಡು ದೋಣಿ ಹತ್ತುತ್ತಾರೆ. ಒಂದು ಗಂಟೆ ಕಾಂಡ್ಲಾ ಗಿಡಗಳ ಅಂಚಿನಲ್ಲೇ ಸಾಗಿದ ಮೇಲೆ, ಹೊಳೆಯ ನಡುವಿನ ಆ ದ್ವೀಪವನ್ನು ಎರಡಾಗಿ ಸೀಳಿದ ಒಂದು ಇಕ್ಕಟ್ಟಾದ ಕಾಲುವೆ ಸಿಗುತ್ತದೆ. ನಲವತ್ತು ಹೆಜ್ಜೆಗಿಂತ ಉದ್ದವಿಲ್ಲ. ಎದುರಿನಿಂದ ಇನ್ನೊಂದು ದೋಣಿ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಲೇಬೇಕು. ಅದನ್ನು ದಾಟಿದೊಡನೆ ಕಣ್ಣೆದುರಿಗೆ ಅಮ್ಮನ ಗುಡಿಯ ಕಲ್ಲುಮೆಟ್ಟಿಲು, ಅದರಾಚೆ ಅಳಿವೆ, ಕಡಲು. ಈ ಕಾಲುವೆಯ ಹೆಸರು ಮಡಕೆತೋಡು. ಹಿಂದೆ ಇಲ್ಲಿ ಕುಂಬಾರರಿದ್ದರು, ಅದಕ್ಕೇ ಈ ಹೆಸರು ಎಂದು ಕಳೆದ ವರ್ಷ ಒಬ್ಬ ಗೈಡು ಮೈಕಿನಲ್ಲಿ ಹೇಳಿದ. ಹಿಡಿ ಜೇಡಿಮಣ್ಣಿಲ್ಲದ ಕುದ್ರುವಿನಲ್ಲಿ ಕುಂಬಾರರು ಮರಳಿನಿಂದ ಮಡಕೆ ಮಾಡುತ್ತಿದ್ದರೇ ಎಂದು ನಾನು ಕೇಳಿದ್ದಕ್ಕೆ, ಅವನು ಮುಖ ತಿರುಗಿಸಿ ಹಾಡು ಹಾಕಿದ. ಮೂವತ್ತು ವರ್ಷ ಇಲ್ಲಿ ಮಕ್ಕಳಿಗೆ ಪಾಠ ಹೇಳಿದ ನನಗೆ ಅಂದು ಮೈ ಉರಿಯಿತು. ಆ ಸಿಟ್ಟಿನಲ್ಲೇ, ಹಿರಿಯರ ಬಾಯಿಂದ ಕೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹಿಂದೆ ಒಮ್ಮೆ, ಸೇತುವೆಯಾಗಲಿ ಧಕ್ಕೆಯಾಗಲಿ ಇಲ್ಲದ ಕಾಲದಲ್ಲಿ, ಕುದ್ರುವಿನ ಕಡವಿನಲ್ಲಿ ಸೂರ ಮರಕಾಲನೆಂಬವನು ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದನಂತೆ. ಅವನು ಕಡಲಿಗೆ ಹೋದವನು ಮರಳಲಿಲ್ಲ. ಅವನ ಹೆಂಡತಿ ಮಾಚು, ಸೂತಕ ಕಳೆದ ಮರುದಿನವೇ ಕಡವಿನ ದೋಣಿ ನೀರಿಗಿಳಿಸಿದಳು. ಹೊಳೆಯ ಆಳವನ್ನು ಅವಳಷ್ಟು ಬಲ್ಲವರು ಇರಲಿಲ್ಲ ಎನ್ನುತ್ತಾರೆ. ಆದರೂ ಹೆಂಗಸು ಚುಕ್ಕಾಣಿ ಹಿಡಿದ ದೋಣಿಯಲ್ಲಿ ಕೂರುವುದು ಹೇಗೆಂದು ಜನ ಮೂಗು ಮುರಿದರು. ಕಡವು ತನಗೇ ಸಲ್ಲಬೇಕೆಂದು ಅವಳ ಮೈದುನ ಕುದ್ರುವಿನ ಗುರಿಕಾರನ ಮುಂದೆ ನಿಂತ. ಗುರಿಕಾರನೆಂದರೆ ಮೀನುಗಾರ ಮೊಗವೀರರ ಮುಖ್ಯಸ್ಥ. ಆಗ ಹೆರಿಯಣ್ಣನೆಂಬವನು ಆ ಸ್ಥಾನದಲ್ಲಿದ್ದ. ಅವನು ಕಟ್ಟುಕಟ್ಟಳೆಯ ಮನುಷ್ಯ, ಕೆಟ್ಟವನಲ್ಲ. ಹೊಸ ಭತ್ತದ ಕದಿರನ್ನು ತಂದು ಕಟ್ಟಿ ಹೊಸ ಅಕ್ಕಿಯ ಅನ್ನ ಉಣ್ಣುವ ಹೊಸ್ತಿನ ಹಬ್ಬ ಹತ್ತಿರ ಬಂದಿತ್ತು. ಕುದ್ರುವಿನಲ್ಲಿ ಗದ್ದೆಯಿಲ್ಲ, ಅಮ್ಮನಿಗೆ ಕದಿರು ಆಚೆ ದಡದಿಂದ ದೋಣಿಯಲ್ಲೇ ಬರಬೇಕು. ಕದಿರು ಹೊತ್ತವರು ಗುಡಿಯ ಮೆಟ್ಟಿಲು ಮುಟ್ಟುವವರೆಗೆ ನೆಲಕ್ಕೆ ಕಾಲಿಡುವಂತಿಲ್ಲ. ಹೆರಿಯಣ್ಣ ಇದನ್ನೇ ಪಣವಾಗಿಸಿದ. “ಹೊತ್ತು ನೆತ್ತಿಗೆ ಬಪ್ಪುದ್ರೊಳ್ಗೆ ಕದ್ರ್ ಮೆಟ್ಲಿಗೆ ಮುಟ್ರೆ ಕಡವು ನಿಂದ್. ಇಲ್ದಿರೆ ನಿನ್ನ ಮೈದ್ನಂದ್” ಎಂದ. ಮಾಚು ಒಪ್ಪಿಕೊಂಡಳು.

ಹೊಸ್ತಿನ ದಿನ ಬೆಳಿಗ್ಗೆ ಮಾಚುವಿನ ದೋಣಿಯಲ್ಲಿ ಹನ್ನೊಂದು ಮಂದಿ ಹಬ್ಬಕ್ಕೆ ಹೊರಟಿದ್ದರು. ಕುಂಬಾರ ಬಚ್ಚ, ಅವನ ಹೆಂಡತಿ ತುಂಗಿ, ಅವರ ಜೊತೆ ಹೊಸ ಅಕ್ಕಿ ಬೇಯಿಸಲು ಕುದ್ರುವಿನ ಮನೆಗಳಿಗೆ ಒಯ್ಯುತ್ತಿದ್ದ ಇಪ್ಪತ್ತು ಹೊಸ ಮಡಕೆಗಳು. ಬಳೆಗಾರ ನರಸ ತನ್ನ ಮಲಾರದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲರನ್ನೂ ಛೇಡಿಸುತ್ತಿದ್ದ. ಮಿಕ್ಕವರು ಆಚೆ ದಡದ ಒಕ್ಕಲುಗಳು. ಮಾಚು ಕದಿರಿನ ಕಟ್ಟನ್ನು ಹೊಸ ಬಟ್ಟೆಯಲ್ಲಿ ಸುತ್ತಿ ತನ್ನ ತಲೆಗೇ ಕಟ್ಟಿಕೊಂಡಿದ್ದಳು. ದಿನವೂ ಜನ ದಾಟುವ ಕಡವು ಕುದ್ರುವಿನ ಒಳಮಗ್ಗುಲಿಗಿತ್ತು. ಗುಡಿಯಿರುವುದು ಕಡಲ ಮಗ್ಗುಲಿಗೆ. ಕದಿರಿನ ದೋಣಿ ಮಾತ್ರ ವರ್ಷಕ್ಕೊಮ್ಮೆ ಕುದ್ರುವಿನ ಬಾಲ ಸುತ್ತಿಕೊಂಡು ಹೋಗುತ್ತಿತ್ತು. ಆ ವರ್ಷದ ಮಳೆಗಾಲದ ನೆರೆ ಆ ದಾರಿಗೆ ಅಡ್ಡಲಾಗಿ ಮರಳಿನ ದಿಬ್ಬ ತಂದು ಹಾಕಿದ್ದು ಯಾರಿಗೂ ಗೊತ್ತಿರಲಿಲ್ಲ. ದೋಣಿ ಅಲ್ಲಿಗೆ ಬಂದಾಗ ದಾರಿಯೇ ಇಲ್ಲ. ಮಾಚು ಹಿಂದೆ ತಿರುಗಿ, ಕುದ್ರುವಿನ ಸೊಂಟದಂತಿದ್ದ ಸಪೂರ ಮರಳಪಟ್ಟಿಯ ಬುಡಕ್ಕೆ ದೋಣಿ ತಂದು ನಿಲ್ಲಿಸಿದಳು. ಆಚೆ ಬದಿಯಲ್ಲಿ ಗುಡಿ ಕಾಣುತ್ತಿತ್ತು, ಕುದ್ರುವಿನ ಬಾಲದ ಕಡೆಗೇ ಕಣ್ಣಿಟ್ಟು ಮೆಟ್ಟಿಲ ಮೇಲೆ ನಿಂತ ಗುರಿಕಾರನೂ ಕಾಣುತ್ತಿದ್ದ. ನಡುವೆ ನಲವತ್ತು ಹೆಜ್ಜೆ ಒಣ ನೆಲ.

“ಇಳ್ದ್ ಓಡ್ ಮಾರಾಯ್ತಿ. ಕದ್ರ್ ಕೊಟ್ ಆಯ್ತ್ ಅಂದ್ರಾಯ್ತಪ್ಪ. ಕಾಲ್ ಇಟ್ಟದ್ದ್ ಯಾರ್ ಕಾಣ್ತ್ರ್?” ಎಂದ ನರಸ.

“ನಾನ್ ಕಾಣ್ತೆ ಅಲ್ದಾ” ಎಂದಳು ಮಾಚು.

ಯಾರ ಮುಂದೆಯೂ ಕೈಚಾಚಿದ ಹೆಣ್ಣಲ್ಲ ಅವಳು. ಗಂಡ ಹೋದಾಗಲೂ ಯಾರ ಮನೆಯ ಬಾಗಿಲಿಗೂ ಹೋಗಿರಲಿಲ್ಲ. ಈಗ ಕೇಳದೆ ಗತಿಯಿರಲಿಲ್ಲ, ಏಕೆಂದರೆ ತಲೆಯ ಮೇಲೆ ಕದಿರಿರುವಾಗ ಅವಳು ಇಳಿಯುವಂತಿರಲಿಲ್ಲ. ಅವಳು ಎರಡೂ ಬದಿಯ ನೀರನ್ನು ಒಮ್ಮೆ ನೋಡಿದಳು. ಕಡಲ ಕಡೆ ಇಳಿತದ ಹೊತ್ತು, ನೀರು ಕೆಳಗಿತ್ತು. ಈ ಕಡೆ ದಿಬ್ಬ ತಡೆದದ್ದರಿಂದ ಹೊಳೆ ತುಂಬಿ ನಿಂತಿತ್ತು. “ಒಂದ್ ಮೊಳ ಅಗ್ಲ ತೋಡಿ ಕೊಡಿ. ಮತ್ತೆಲ್ಲ ಹೊಳಿಯೇ ಮಾಡ್ತ್. ನಂಗೆ ಇಳೂಕಾತಿಲ್ಲ, ನೀವ್ ಇಳಿನಿ” ಎಂದಳು. ಹನ್ನೊಂದು ಮಂದಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಳಿದು ನಡೆದರೆ ಅವರ ಹಬ್ಬಕ್ಕೇನೂ ತೊಂದರೆಯಿರಲಿಲ್ಲ. ದೋಣಿಯಲ್ಲಿ ಗುದ್ದಲಿಯೂ ಇರಲಿಲ್ಲ. ಆಗ ತುಂಗಿ ಎದ್ದು ಒಂದು ಹೊಸ ಮಡಕೆ ಎತ್ತಿಕೊಂಡಳು, ದೋಣಿಯ ಅಂಚಿಗೆ ಬಡಿದು ಅದರ ಕಂಠ ಹಾರಿಸಿ ಮರಳಿಗಿಳಿದಳು. “ಅದ್ ಹೊಸ್ತಿನ್ ಮಡ್ಕಿಯೇ” ಎಂದು ಬಚ್ಚ ಬಾಯಿ ಬಿಟ್ಟ. ತುಂಗಿ ತಲೆಯೆತ್ತದೆ ಮರಳು ಬಗೆಯುತ್ತಲೇ, “ಹೊಸ್ತೇ ಇಲ್ದಿರೆ ಮಡ್ಕಿ ಎಂತಕೆ?” ಎಂದಳು. ಬಚ್ಚನೂ ಒಂದು ಮಡಕೆ ಒಡೆದ.

ಆಮೇಲೆ ಎಲ್ಲರೂ ಇಳಿದರು. ಒಡೆದ ಮಡಕೆ ಚೂರಾದರೆ ಇನ್ನೊಂದು ಮಡಕೆ. ನರಸ ಬಳೆಗಂಟನ್ನು ದೋಣಿಯಲ್ಲೇ ಬಿಟ್ಟು, ಮೊಣಕೈವರೆಗೆ ಮರಳು ಮೆತ್ತಿಕೊಂಡು, ಈಗ ಛೇಡಿಸುವುದನ್ನೂ ಮರೆತಿದ್ದ. ಆಚೆ ಬದಿಯ ಜನ ಮೆಟ್ಟಿಲಿಳಿದು ಬಂದು ನೋಡುತ್ತ ನಿಂತರು. ಕೊನೆಯ ಎರಡು ಹೆಜ್ಜೆ ಉಳಿದಾಗ ಹೊಳೆ ತಾನೇ ನುಗ್ಗಿತು. ಮೊದಲು ಬೆರಳಿನಷ್ಟು ನೀರು, ನೋಡನೋಡುತ್ತ ಮೊಣಕಾಲುದ್ದ, ಎರಡೂ ದಂಡೆಯ ಮರಳು ಕುಸಿದು ಕುಸಿದು ಕಡಲಿಗೆ ಹೋಯಿತು. ಹನ್ನೊಂದು ಮಂದಿ ಪಕ್ಕಕ್ಕೆ ಹಾರಿ ಗೆಲುವಿನ ಕೂಗು ಹಾಕುತ್ತಿರುವಾಗ ಮಾಚು ನಿಂತೇ ಚುಕ್ಕಾಣಿ ಹಿಡಿದು ಆ ಸೆಳೆತದಲ್ಲಿ ದೋಣಿ ಬಿಟ್ಟಳು. ಎಲ್ಲೂ ತಾಗಿಸಲಿಲ್ಲ. ಹೊತ್ತು ನೆತ್ತಿಗೇರಲು ಇನ್ನೂ ಗೇಣು ಬಾಕಿಯಿತ್ತು. ಅವಳು ಹಗ್ಗ ಎಸೆದಾಗ ಹೆರಿಯಣ್ಣ ಗುರಿಕಾರ ಬೇರೆ ಯಾರನ್ನೂ ಕರೆಯದೆ, ಉಟ್ಟ ಹಬ್ಬದ ಪಂಚೆಯಲ್ಲೇ ಸೊಂಟದುದ್ದ ನೀರಿಗಿಳಿದು ಹಿಡಿದ. “ಕಡವು ನಿಂದ್ ಮಗಾ. ಈ ದಾರಿಯೂ ನಿಂದೇ” ಎಂದ. ಮಾಚು ದೋಣಿಯಿಂದ ನೇರವಾಗಿ ಅಮ್ಮನ ಮೆಟ್ಟಿಲಿಗೆ ಕಾಲಿಟ್ಟಳು. ಒಡೆಯದೆ ಉಳಿದದ್ದು ಒಂದೇ ಮಡಕೆ. ಆ ವರ್ಷ ಹೊಸ ಅಕ್ಕಿ ಅದರಲ್ಲೇ ಬೆಂದು, ಮೊದಲ ತುತ್ತು ಆ ಹನ್ನೊಂದು ಮಂದಿಗೆ ಸಂದಿತು.

ಇಂದಿಗೂ ಇಳಿತದ ಹೊತ್ತಿನಲ್ಲಿ ಹೋದವರಿಗೆ ತೋಡಿನ ದಂಡೆಯಲ್ಲಿ ಕೆಂಪು ಮಡಕೆಚೂರುಗಳು ಕಾಣಸಿಗುತ್ತವೆ. ಅವನ್ನು ಯಾರೂ ಹೆಕ್ಕಿ ಮನೆಗೆ ಒಯ್ಯಬಾರದು. ಕಳೆದ ಹೊಸ್ತಿನಂದು ನಾನು ಮತ್ತೆ ದೋಣಿ ಹತ್ತಿದ್ದೆ. ಚುಕ್ಕಾಣಿ ಹಿಡಿದಿದ್ದವಳು ಮಾಚುವಿನ ಮನೆತನದ ಸುಗಂಧಿ, ತಲೆಗೆ ಕದಿರು ಕಟ್ಟಿಕೊಂಡಿದ್ದಳು. ಜೊತೆಗಿದ್ದ ಪ್ರವಾಸಿಯೊಬ್ಬರು, ಇಷ್ಟು ಇಕ್ಕಟ್ಟಿನಲ್ಲಿ ದೋಣಿ ನಡೆಸಲು ನಿಮ್ಮಲ್ಲಿ ಗಂಡಸರು ಯಾರೂ ಇಲ್ಲವೇ ಎಂದು ಕೇಳಿದರು. ಸುಗಂಧಿ ದಾರಿಯಿಂದ ಕಣ್ಣು ತೆಗೆಯದೆ, ಗುಡಿಯ ಮೆಟ್ಟಿಲ ಬಳಿ ಹಬ್ಬದ ಪಂಚೆಯುಟ್ಟು ಸೊಂಟದುದ್ದ ನೀರಿನಲ್ಲಿ ಕಾಯುತ್ತಿದ್ದ ಈಗಿನ ಗುರಿಕಾರರ ಕಡೆ ಗಲ್ಲ ಎತ್ತಿ ತೋರಿಸಿದಳು.

“ಇದ್ರ್. ಹಗ್ಗ ಹಿಡುಕೆ ಅಲ್ಲ್ ನಿಂತಿದ್ರ್, ಕಾಣಿ” ಎಂದಳು.